ಗೋಡೆಯೇ ಇಲ್ಲವೆಂದ ಉಡ

ಹೊಳೆಯೊಂದು ಬಳಸಿ ಹರಿಯುವ ಕಡೆ ಒಂದು ಕಾಡಿತ್ತು. ಆ ಕಾಡಿನಲ್ಲಿ ಒಂದು ಮುದಿ ತಾರೆಮರ. ಮರದ ನಡುವೆ ಒಂದು ಪೊಟರೆ. ಆ ಪೊಟರೆಯೊಳಗೆ ಸಿಂಗಾರಿ ಎಂಬ ಮಂಗಟ್ಟೆ ಹಕ್ಕಿ ತನ್ನನ್ನು ತಾನೇ ಕೂಡಿಹಾಕಿಕೊಂಡು ಕುಳಿತಿದ್ದಳು.

ಯಾರಾದರೂ ತಮ್ಮನ್ನು ತಾವೇ ಕೂಡಿಹಾಕಿಕೊಳ್ಳುತ್ತಾರೆಯೇ ಎಂದು ನಗಬೇಡಿ. ಮಂಗಟ್ಟೆಗಳ ಪದ್ಧತಿಯೇ ಹಾಗೆ. ಮೊಟ್ಟೆಯಿಡುವ ಕಾಲ ಬಂದರೆ ಹೆಣ್ಣು ಪೊಟರೆಯೊಳಗೆ ಹೋಗುತ್ತದೆ. ಮಣ್ಣು, ಹಣ್ಣಿನ ತಿರುಳು, ತನ್ನದೇ ಹಿಕ್ಕೆ ಎಲ್ಲ ಕಲಸಿ ಬಾಗಿಲಿಗೆ ಗೋಡೆ ಮೆತ್ತುತ್ತದೆ. ಕೊಕ್ಕು ತೂರುವಷ್ಟು ಒಂದು ಸೀಳು ಮಾತ್ರ ಬಿಡುತ್ತದೆ. ಆಮೇಲೆ ಒಳಗೆ ಕುಳಿತು ರೆಕ್ಕೆಯ ಗರಿಗಳನ್ನೆಲ್ಲ ಉದುರಿಸುತ್ತದೆ. ಹೊಸ ಗರಿ ಬಲಿಯುವವರೆಗೆ ಅದಕ್ಕೆ ಹಾರಲು ಆಗದು. ಗಂಡು ಕಾಡೆಲ್ಲ ಸುತ್ತಿ, ಗಂಟಲ ತುಂಬ ಹಣ್ಣು ತುಂಬಿಕೊಂಡು ಬಂದು, ಸೀಳಿನಿಂದ ಒಂದೊಂದಾಗಿ ಉಣಿಸುತ್ತದೆ. ಮನೆಯಲ್ಲಿ ಬಾಣಂತಿಯನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಗಂಡಸರು ಎಷ್ಟು ಮಂದಿ ಇದ್ದಾರೋ, ಆ ಮಾತು ಈಗ ಬೇಡ.

ಸಿಂಗಾರಿಯ ಗಂಡನ ಹೆಸರು ಕೊಂಬಣ್ಣ. ಮಾತು ಕಡಿಮೆ, ದುಡಿಮೆ ಹೆಚ್ಚು. ಅವನು ಹಣ್ಣಿಗೆ ಹೋದಾಗ ಸಿಂಗಾರಿ ಒಬ್ಬಳೇ ತನ್ನ ಒಂದೇ ಮೊಟ್ಟೆಗೆ ಕಾವು ಕೊಡುತ್ತಿದ್ದಳು. ಸೀಳಿನಿಂದ ಒಂದು ಕೊಂಬೆ ಕಾಣುತ್ತಿತ್ತು. ಅದರಾಚೆ ಒಂದು ಚೂರು ಆಕಾಶ ಕಾಣುತ್ತಿತ್ತು. ಅವಳ ಪಾಲಿನ ಲೋಕ ಆಗ ಅಷ್ಟೇ.

ಅದೇ ಮರದ ಬೇರಿನ ಬಿಲದಲ್ಲಿ ನುಣ್ಣಪ್ಪ ಎಂಬ ಉಡ ಇದ್ದ. ಅವನಿಗೆ ಮೊಟ್ಟೆಯೆಂದರೆ ಪ್ರಾಣ. ಒಮ್ಮೆ ಸಿಂಗಾರಿ ತೂಕಡಿಸುತ್ತಿದ್ದಾಗ ಸದ್ದಿಲ್ಲದೆ ಮರ ಹತ್ತಿ ಗೋಡೆ ಕೆರೆದು ನೋಡಿದ್ದ. ಗೋಡೆ ಒಣಗಿ ಕಲ್ಲಾಗಿತ್ತು. ಉಗುರು ಸವೆಯಿತೇ ಹೊರತು ಒಂದು ಹೆಂಟೆಯೂ ಉದುರಲಿಲ್ಲ.

‘ಹೊರಗಿನಿಂದ ಒಡೆಯದ ಗೋಡೆಯನ್ನು ಒಳಗಿನಿಂದ ಒಡೆಸಬೇಕು’ ಎಂದುಕೊಂಡ ನುಣ್ಣಪ್ಪ. ಉಗುರಿನಿಂದ ಆಗದ ಕೆಲಸವನ್ನು ನಾಲಿಗೆಗೆ ಒಪ್ಪಿಸಿದ.

ಮರುದಿನ ಕೊಂಬಣ್ಣ ಅತ್ತ ಹಾರಿದೊಡನೆ ಇವನು ಇತ್ತ ಮೇಲೆ ಬಂದ. “ತಂಗೀ, ಊಟ ಆಯ್ತೇನಮ್ಮಾ?” ಎಂದ.

ದಿನವಿಡೀ ಮಾತಿಗೊಬ್ಬರಿಲ್ಲದೆ ಕೂರುವವಳಿಗೆ ಆ ದನಿ ಹಿತವಾಯಿತು. “ಆಯ್ತಣ್ಣಾ. ನೀವ್ಯಾರು?” ಎಂದಳು.

“ಕೆಳಮನೆಯ ನುಣ್ಣಪ್ಪ. ನಿನ್ನ ಕಷ್ಟ ನೋಡಲಾರದೆ ಬಂದೆ. ಪಾಪ, ಕತ್ತಲಲ್ಲಿ ಕೂತಿದ್ದೀಯ. ಏನೇನು ನೆನಪಾಗುತ್ತೋ ಏನೋ!”

ಇಷ್ಟು ಸಾಕಾಯಿತು. ಸಿಂಗಾರಿ ಮನಸ್ಸು ಬಿಚ್ಚಿದಳು. “ಒಂದೇ ಎರಡೇ ಅಣ್ಣಾ? ಮರದ ಮೇಲೇ ಕೂತು, ಆಗಷ್ಟೇ ಹಣ್ಣಾದ ಅತ್ತಿಹಣ್ಣು ತಿನ್ನಬೇಕು ಅನ್ನಿಸುತ್ತೆ. ಬೆನ್ನಿಗೆ ಬಿಸಿಲು ಕಾಯಿಸಬೇಕು ಅನ್ನಿಸುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮವ್ವನ್ನ ನೋಡಬೇಕು. ಹೊಳೆಯಾಚೆ ಕಾಡಲ್ಲಿದ್ದಾಳೆ. ನಾನು ಬಾಗಿಲು ಮೆತ್ತಿದ್ದೂ ಅವಳಿಗೆ ಗೊತ್ತಿಲ್ಲ.”

ನುಣ್ಣಪ್ಪ “ಅಯ್ಯೋ ಪಾಪ” ಎಂದ. ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಅವಳು ಹೇಳಿದ್ದನ್ನೆಲ್ಲ ಚೆನ್ನಾಗಿ ನೆನಪಿಟ್ಟುಕೊಂಡು ಕೆಳಗಿಳಿದ. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಎನ್ನುವುದು ಇಂಥವರಿಗೇ.

ಆ ಹೊತ್ತಿಗೆ ಹತ್ತಿರದ ಮರಗಳಲ್ಲಿ ಹಣ್ಣು ಮುಗಿಯುತ್ತ ಬಂದಿತ್ತು. ಕೊಂಬಣ್ಣ ದೂರ ದೂರ ಹೋಗಬೇಕಾಯಿತು. ಬೆಳಿಗ್ಗೆ ಹೋದರೆ ಬಿಸಿಲೇರಿದರೂ ಬರುತ್ತಿರಲಿಲ್ಲ. ಸಿಂಗಾರಿಯ ಹೊಟ್ಟೆ ಚುರುಗುಟ್ಟುತ್ತಿತ್ತು. ನುಣ್ಣಪ್ಪನಿಗೆ ಬೇಕಾಗಿದ್ದುದೂ ಅದೇ.

“ತಂಗೀ, ಒಂದು ಸಂತೋಷದ ಸುದ್ದಿ!” ಎನ್ನುತ್ತ ಒಂದು ದಿನ ಬಂದ. “ನಿನ್ನ ಪೊಟರೆಯ ಬಲಗಡೆ ಅತ್ತಿಮರ ಹಣ್ಣು ಬಿಟ್ಟಿದೆ. ಕೊಂಬೆ ಕೊಂಬೆಗೂ ಕೆಂಪು ಕೆಂಪು!”

“ಬಲಗಡೆ ಅತ್ತಿಮರ ಇತ್ತೇ?” ಎಂದಳು ಸಿಂಗಾರಿ.

“ಇತ್ತೇ ಅಂದರೆ? ನೀನು ಗಮನಿಸಿರಲಿಲ್ಲ ಅಷ್ಟೇ.”

ಸಿಂಗಾರಿ ಕಣ್ಣು ಮುಚ್ಚಿಕೊಂಡಳು. ಅತ್ತಿಮರ ಕಂಡಿತು. ಹಸಿದವಳ ಮನಸ್ಸಿಗೆ ಮರ ನೆಟ್ಟು ಹಣ್ಣು ಬಿಡಿಸಲು ಎಷ್ಟು ಹೊತ್ತು ಬೇಕು? ಹಣ್ಣಿನ ವಾಸನೆ ಕೂಡ ಮೂಗಿಗೆ ಬಂದಂತಾಯಿತು. ಆದರೂ ಅವಳು ಮೊಟ್ಟೆಯ ಮೇಲಿಂದ ಏಳಲಿಲ್ಲ.

ಮರುದಿನ ನುಣ್ಣಪ್ಪ ಏದುಸಿರು ಬಿಡುತ್ತ ಬಂದ. ಓಡಿ ಬಂದವನ ಹಾಗೆ ನಟಿಸಲು ಅವನು ಬಿಲದ ಬಾಯಲ್ಲೇ ನಿಂತು ಒಂದಿಷ್ಟು ಹೊತ್ತು ಬುಸುಗುಟ್ಟಿ ಅಭ್ಯಾಸ ಮಾಡಿದ್ದ.

“ಸಿಂಗಾರೀ! ನಿಮ್ಮವ್ವ ಬಂದಿದ್ದಾಳೆ!”

ಸಿಂಗಾರಿ ಸೀಳಿನ ಕಡೆ ಕತ್ತು ಚಾಚಿದಳು. “ಎಲ್ಲಿ? ಎಲ್ಲಣ್ಣಾ?”

“ಇದೇ ಮರದ ಬುಡದಲ್ಲಿ. ಪಾಪ, ಮುದಿಜೀವ. ಹೊಳೆ ದಾಟಿ ಬಂದು ರೆಕ್ಕೆ ಸೋತಿದೆ. ಮೇಲೆ ಬರೋಕೆ ಆಗ್ತಿಲ್ಲ. ಮಗಳೇ, ಮಗಳೇ ಅಂತಿದ್ದಾಳೆ. ಕಿವಿಗೊಟ್ಟು ಕೇಳು!”

ಸಿಂಗಾರಿ ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಹೊರಗೆ ಗಾಳಿ ಎಲೆಗಳನ್ನು ತೀಡುತ್ತಿತ್ತು. ಎಲ್ಲೋ ಒಂದು ಒಣಕೊಂಬೆ ಕಿರುಗುಟ್ಟಿತು. ಮತ್ತೆ ಕಿವಿಗೊಟ್ಟಳು. ಆಗ ಆ ಕಿರುಗುಟ್ಟುವಿಕೆಯೊಳಗೇ ಅವ್ವನ ದನಿ ಕೇಳಿಸಿತು! ಸುಳ್ಳಲ್ಲ, ಅವಳಿಗೆ ಕೇಳಿಸಿಯೇ ಕೇಳಿಸಿತು. ಕಣ್ಣಲ್ಲಿ ನೀರು ಬಂತು.

“ಅವ್ವಾ, ಬಂದೆ!” ಎಂದವಳೇ ಎದ್ದು ಗೋಡೆಗೆ ಕೊಕ್ಕಿನಿಂದ ಬಡಿದಳು. ಒಂದು ಚಕ್ಕೆ ಕಿತ್ತು ಹೊರಗೆ ಬಿತ್ತು. ಮತ್ತೆ ಬಡಿದಳು. ಇನ್ನೊಂದು ಚಕ್ಕೆ ಬಿತ್ತು. ನುಣ್ಣಪ್ಪನ ಸೀಳುನಾಲಿಗೆ ಒಳಗೂ ಹೊರಗೂ ಆಡಿತು.

ಅಗಲವಾದ ಸೀಳಿನಿಂದ ಬೆಳಕು ಒಳಗೆ ಬಂದು ಮೊಟ್ಟೆಯ ಮೇಲೆ ಬಿತ್ತು. ಸಿಂಗಾರಿ ಮೊಟ್ಟೆಯನ್ನು ನೋಡಿದಳು. ಗರಿಯಿಲ್ಲದ ತನ್ನ ಬೋಳು ರೆಕ್ಕೆಯನ್ನೂ ನೋಡಿಕೊಂಡಳು. ಗೋಡೆ ಹೋದರೆ ಮೊಟ್ಟೆಯನ್ನು ಕಾಯುವವರು ಯಾರು? ತಾನು ಇಳಿಯುವುದಾದರೂ ಹೇಗೆ? ಕೊಕ್ಕು ಅಲ್ಲೇ ನಿಂತಿತು.

“ಯಾಕೆ ನಿಲ್ಲಿಸಿದೆ ತಂಗೀ? ಅವ್ವ ಕಾಯ್ತಿದ್ದಾಳೆ!”

“ನಿಲ್ಲಿಸಿಲ್ಲ ಅಣ್ಣಾ, ಸುಧಾರಿಸಿಕೊಳ್ತಿದ್ದೀನಿ. ಅಷ್ಟರಲ್ಲಿ ಒಂದು ಮಾತು. ಆ ಅತ್ತಿಹಣ್ಣು ನೀವು ತಿಂದಿರಾ? ಹೇಗಿತ್ತು?”

ಉಡ ಜನ್ಮದಲ್ಲಿ ಅತ್ತಿಹಣ್ಣು ತಿಂದವನಲ್ಲ. ಆದರೂ ಹಿಂದೆ ಮುಂದೆ ನೋಡದೆ “ಅಮೃತ! ಬಿಚ್ಚಿದರೆ ಒಳಗೆ ಹಾಲಿನಂಥ ತಿರುಳು” ಎಂದ.

“ಹುಳ?”

“ಛೆ, ಛೆ! ಒಂದೇ ಒಂದು ಹುಳ ಇಲ್ಲ.”

ಅತ್ತಿಹಣ್ಣು ಬಿಚ್ಚಿ ನೋಡಿದರೆ ಹುಳ ಎನ್ನುವುದು ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಹುಟ್ಟಿದಂದಿನಿಂದ ಅತ್ತಿಹಣ್ಣು ತಿಂದು ಬೆಳೆದ ಸಿಂಗಾರಿಗೆ ಗೊತ್ತಿರದೇ? ಅವಳ ಮನಸ್ಸು ತಣ್ಣಗಾಯಿತು. ಆದರೂ ಅವ್ವನ ಆಸೆ ಬಿಡಲೊಲ್ಲದು. ಮೆಲ್ಲಗೆ ಕೇಳಿದಳು, “ನಮ್ಮವ್ವ ಬೈತಿದ್ದಾಳಾ?”

“ಬೈಯೋದೇ? ಎಂಥ ಮಾತು! ಒಂದು ಗಡಸು ಮಾತಿಲ್ಲ. ಬರೀ ಮುತ್ತು, ರತ್ನ, ಬಂಗಾರ ಅಂತಿದ್ದಾಳೆ.”

ಸಿಂಗಾರಿ ಗೋಡೆಗೆ ತಲೆಯಾನಿಸಿದಳು. ಅವಳ ಅವ್ವ ಎಂಥವಳೆಂದರೆ, ಮಗಳ ಮದುವೆಯ ದಿನವೂ ಅಳಿಯನ ಕೊಕ್ಕು ಸೊಟ್ಟಗಿದೆ ಎಂದು ಗೊಣಗಿದವಳು. ಹೇಳದೆ ಕೇಳದೆ ಮಗಳು ಬಾಗಿಲು ಮೆತ್ತಿದ್ದಾಳೆಂದು ತಿಳಿದ ಮೇಲೂ ಬೈಯದೆ ಇರುವವಳೇ! ಈ ಅವ್ವ ಎಲ್ಲಿಂದ ಬಂದಳು ಎಂಬುದು ಸಿಂಗಾರಿಗೆ ಈಗ ಹೊಳೆಯಿತು. ಅತ್ತಿಹಣ್ಣು ಬೇಕೆಂದವಳು ತಾನು. ಅವ್ವ ಬೇಕೆಂದವಳೂ ತಾನೇ. ತಾನು ಕೊಟ್ಟದ್ದನ್ನೇ ಉಡ ಒಂದೊಂದಾಗಿ ತನಗೆ ತಂದುಕೊಡುತ್ತಿದ್ದಾನೆ. ನಿಜವಾದದ್ದು ಯಾವಾಗಲೂ ನಾವು ಕೇಳದೇ ಇದ್ದದ್ದನ್ನೂ ಒಂದಿಷ್ಟು ಜೊತೆಗೆ ತರುತ್ತದೆ. ಇವನು ತಂದದ್ದರಲ್ಲಿ ಹಾಗೆ ಒಂದೂ ಇರಲಿಲ್ಲ. ಅವಳಿಗೆ ದುಃಖ ಉಕ್ಕಿ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

“ಕೆಳಗೆ ಯಾರೂ ಇಲ್ಲ. ಹೋಗಿ ನುಣ್ಣಪ್ಪನೋರೇ” ಎಂದಳು.

ನುಣ್ಣಪ್ಪನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಸಂಕಟವಾಯಿತು. ಆದರೆ ಮಾತುಗಾರ ಮಾತು ಬಿಟ್ಟಾನೆಯೇ? ಈಗ ಗುರುವಿನ ದನಿ ತೆಗೆದ.

“ತಂಗೀ, ಇದೆ ಎಂದರೇನು, ಇಲ್ಲ ಎಂದರೇನು? ಈ ಲೋಕವೆಲ್ಲ ಮನಸ್ಸಿನ ಕಲ್ಪನೆ. ಅವ್ವ ಇದ್ದಾಳೆ ಎಂದುಕೊಂಡರೆ ಇದ್ದಾಳೆ. ಈ ಗೋಡೆಯನ್ನೇ ನೋಡು. ನೀನು ಗೋಡೆ ಎಂದುಕೊಂಡಿದ್ದೀಯ, ಅದಕ್ಕೇ ಗೋಡೆ. ಇಲ್ಲ ಎಂದುಕೋ, ಇಲ್ಲ!”

ಸಿಂಗಾರಿ ಬಹಳ ವಿನಯದಿಂದ ಹೇಳಿದಳು, “ನಾನು ದಡ್ಡಿ ಅಣ್ಣಾ, ಎಷ್ಟು ಅಂದುಕೊಂಡರೂ ಗೋಡೆ ಇದ್ದೇ ಇದೆ. ನೀವು ತಿಳಿದೋರು. ಗೋಡೆ ಇಲ್ಲ ಅಂದುಕೊಂಡು ನೀವೇ ಒಳಗೆ ಬಂದುಬಿಡಿ.”

ಅಷ್ಟರಲ್ಲಿ ಸಿಂಗಾರಿ ಹಿಂದೆ ಸರಿದು ಕುಳಿತಿದ್ದಳು. ಅಗಲವಾದ ಸೀಳು ಖಾಲಿಯಾಗಿತ್ತು. ಅವನು ಒಳಗೆ ಇಣುಕಿದ. ನೆಲದ ಮೇಲೆ ಅವಳು ಉದುರಿಸಿದ್ದ ಬಿಳಿ ತುದಿಯ ಗರಿಗಳು ಗುಡ್ಡೆ ಬಿದ್ದಿದ್ದವು. ನುಣ್ಣಪ್ಪನಿಗೆ ಅವು ಗರಿಗಳಾಗಿ ಕಾಣಲಿಲ್ಲ. ಮೊಟ್ಟೆ! ಒಂದಲ್ಲ, ರಾಶಿ ಮೊಟ್ಟೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಾದರೆ ಇವನ ಕಣ್ಣಿಗೆ ಬೆಳ್ಳಗಿದ್ದದ್ದೆಲ್ಲ ಮೊಟ್ಟೆಯಾಯಿತು. ಸೀಳು ಕೂಡ ಬೇಕಾದಷ್ಟು ದೊಡ್ಡದಾಗಿ ಕಂಡಿತು. ಹಿಂದೆ ಮುಂದೆ ಯೋಚಿಸದೆ ತಲೆ ತೂರಿಸಿಯೇಬಿಟ್ಟ.

ತಲೆ ಹೋಯಿತು, ಕತ್ತೂ ಹೋಯಿತು, ಹೆಗಲು ಹೋಗಲಿಲ್ಲ. ಇನ್ನೂ ನುಗ್ಗಬೇಕು ಎನ್ನುವಷ್ಟರಲ್ಲಿ ಸಿಂಗಾರಿಯ ದೊಡ್ಡ ಕೊಕ್ಕು ಅವನ ಮೂತಿಯನ್ನು ಕಚಕ್ಕನೆ ಹಿಡಿಯಿತು. ಉಡದ ಪಟ್ಟು ಎಂದು ಲೋಕವೆಲ್ಲ ಹೊಗಳುತ್ತದೆ. ಮಂಗಟ್ಟೆಯ ಪಟ್ಟು ಹೇಗಿರುತ್ತದೆಂದು ಅವತ್ತು ಉಡಕ್ಕೇ ತಿಳಿಯಿತು. ಹಿಂದೆ ಎಳೆದ, ಬರಲಿಲ್ಲ. ಬಾಯಿ ಬಿಡೋಣವೆಂದರೆ ಬಾಯಿ ಅವಳ ಕೊಕ್ಕಿನಲ್ಲಿತ್ತು. ಬಾಲವೊಂದು ಮಾತ್ರ ಹೊರಗೆ ಪಟಪಟನೆ ಮರಕ್ಕೆ ಬಡಿಯುತ್ತಿತ್ತು.

ಅದೇ ಹೊತ್ತಿಗೆ ಹೊಳೆಯ ಕಡೆಯಿಂದ ಕೊಂಬಣ್ಣ ಬಂದ. ತನ್ನ ಮನೆಯ ಬಾಗಿಲಲ್ಲಿ ಬಾಲ ನೇತಾಡುವುದನ್ನು ಕಂಡ. ಕೂಗೋಣವೆಂದರೆ ಗಂಟಲ ತುಂಬ ಹಣ್ಣು. ಕಷ್ಟಪಟ್ಟು ತಂದ ಹಣ್ಣನ್ನು ಉಗುಳಲು ಮನಸ್ಸಾಗಲಿಲ್ಲ. ಬಾಯಿ ಮುಚ್ಚಿಕೊಂಡೇ ನುಣ್ಣಪ್ಪನ ಬೆನ್ನಿಗೆ ಕೊಕ್ಕಿನಿಂದ ಗುದ್ದಿದ. ಗುದ್ದಿದ, ಗುದ್ದಿದ, ಕೈಸೋಲುವ ತನಕ ಎನ್ನೋಣವೆಂದರೆ ಹಕ್ಕಿಗೆ ಕೈಯಿಲ್ಲ. ಕೊಕ್ಕು ಸೋಲುವ ತನಕ ಗುದ್ದಿದ. ಆಗ ಸಿಂಗಾರಿ ಹಿಡಿತ ಬಿಟ್ಟಳು. ನುಣ್ಣಪ್ಪ ಉರುಳಿಕೊಂಡು ಹೋಗಿ ಕೆಳಗಿನ ಕಾರೆಮುಳ್ಳಿನ ಪೊದೆಯಲ್ಲಿ ಬಿದ್ದ.

“ಅಯ್ಯಯ್ಯೋ, ಮುಳ್ಳು! ಮುಳ್ಳು!”

“ಮುಳ್ಳು ಇಲ್ಲ ಅಂದುಕೊಳ್ಳಿ ಅಣ್ಣಾ!” ಎಂದು ಸಿಂಗಾರಿ ಮೇಲಿನಿಂದ ಕೂಗಿ ಹೇಳಿದಳು.

ನುಣ್ಣಪ್ಪ ಅಂದುಕೊಂಡನೋ ಇಲ್ಲವೋ ತಿಳಿಯದು. ಕುಂಟುತ್ತ ಕಾಡಿನ ಆ ತುದಿಗೆ ಹೋದವನು ತಾರೆಮರದ ಕಡೆ ಮತ್ತೆ ಬರಲಿಲ್ಲ.

ಕೊಂಬಣ್ಣ ತಂದ ಹಣ್ಣುಗಳನ್ನು ಒಂದೊಂದಾಗಿ ಕೊಟ್ಟ. ಸಿಂಗಾರಿ ಅರ್ಧ ತಿಂದಳು, ಉಳಿದರ್ಧದ ತಿರುಳಿನಿಂದ ಗೋಡೆಯ ತೂತು ಮೆತ್ತಿದಳು. ಮೆತ್ತುತ್ತ ಮೆತ್ತುತ್ತ ನಡೆದದ್ದನ್ನೆಲ್ಲ ಹೇಳಿ ಬಿಕ್ಕಿದಳು.

“ಏನ್ರೀ, ನಂಗೆ ಅವ್ವನ ದನಿ ನಿಜವಾಗ್ಲೂ ಕೇಳಿಸ್ತು ಕಣ್ರೀ. ನಂಗೇನು ಹುಚ್ಚಾ?”

ಕೊಂಬಣ್ಣ ಯೋಚಿಸಿದ. ಅವನು ಯೋಚಿಸದೆ ಮಾತಾಡುವವನಲ್ಲ. “ಹುಚ್ಚಲ್ಲ ಕಣೇ. ನಿಂಗೆ ಅವ್ವ ಬೇಕು, ಅದು ನಿಜ. ಅವ್ವ ಮರದ ಕೆಳಗಿದ್ದಾಳೆ ಅನ್ನೋದು ಮಾತ್ರ ಸುಳ್ಳು. ಆಸೆನ ಯಾಕೆ ಬೈಕೋತೀಯ? ಗರಿ ಬರ್ಲಿ. ಮಗೂನ ಕರ್ಕೊಂಡು ನಾವೇ ಹೋಗೋಣ, ಅತ್ತೆ ಮನೆಗೆ.”

“ನಿಮ್ಮ ಕೊಕ್ಕು ಸೊಟ್ಟ ಅಂತಾಳೆ.”

“ಅನ್ಲಿ ಬಿಡೇ.”

ಸಿಂಗಾರಿ ಕಣ್ಣೊರೆಸಿಕೊಂಡು ನಕ್ಕಳು. ಮೊಟ್ಟೆಯ ಮೇಲೆ ಕುಳಿತಳು.

ಕೆಲವು ದಿನಗಳಲ್ಲಿ ಮೊಟ್ಟೆಯೊಡೆದು ಮರಿ ಬಂತು. ಮರಿಗೆ ಪ್ರಶ್ನೆಗಳೇ ಪ್ರಶ್ನೆ. “ಅವ್ವಾ, ಹೊರಗೆ ಏನಿದೆ?” ಸಿಂಗಾರಿ ತಾನು ಕಂಡದ್ದನ್ನೆಲ್ಲ ಹೇಳಿದಳು. ಹಣ್ಣಿನ ಕತೆ ಹೇಳಿದಳು, ಹದ್ದಿನ ಕತೆಯನ್ನೂ ಹೇಳಿದಳು. ಬಿಸಿಲನ್ನು ಹೇಳಿದಳು, ಬಿರುಗಾಳಿಯನ್ನೂ ಹೇಳಿದಳು. ಹೆದರಿಸಲೂ ಇಲ್ಲ, ಮರುಳು ಮಾಡಲೂ ಇಲ್ಲ. ಮರಿ ಕೇಳುತ್ತ ಕೇಳುತ್ತ ತನ್ನ ಮನಸ್ಸಿನಲ್ಲಿ ಒಂದು ಕಾಡು ಕಟ್ಟಿಕೊಂಡಿತು. ಅಷ್ಟರಲ್ಲಿ ತಾಯಿಗೂ ಮರಿಗೂ ಗರಿ ಬಲಿತವು.

ಒಂದು ಬೆಳಿಗ್ಗೆ ಕೊಂಬಣ್ಣ ಹೊರಗಿನ ಕೊಂಬೆಯ ಮೇಲೆ ಕುಳಿತು ಕರೆದ. ಸಿಂಗಾರಿ ಒಳಗಿನಿಂದ ಗೋಡೆ ಬಡಿದಳು. ಈ ಸಲ ಅವಳು ನಡುವೆ ನಿಲ್ಲಲಿಲ್ಲ. ಗೋಡೆ ಪೂರ್ತಿ ಕಳಚಿ ಬಿತ್ತು.

ಮರಿ ಬಾಗಿಲಿಗೆ ಬಂದು ನಿಂತಿತು. ಕತ್ತು ಅತ್ತ ಇತ್ತ ತಿರುಗಿಸಿ ನೋಡಿತು, ಹೆಜ್ಜೆ ಮಾತ್ರ ಮುಂದಿಡಲಿಲ್ಲ.

“ಯಾಕೆ ಮಗಾ, ಹೆದರಿಕೆಯಾಯ್ತಾ?” ಎಂದಳು ಸಿಂಗಾರಿ.

“ಇಲ್ಲ ಅವ್ವಾ. ನೀನು ಹೇಳಿದ್ದೆಲ್ಲ ಇದೆ. ಆದರೆ ಇದು ನಾನು ಅಂದುಕೊಂಡಿದ್ದಕ್ಕಿಂತ ಎಷ್ಟು ದೊಡ್ಡದಾಗಿದೆ!”

“ನಾನು ಕಂಡಷ್ಟನ್ನು ಹೇಳಿದೆ ಮಗಾ. ಉಳಿದದ್ದನ್ನು ನೀನೇ ನೋಡು” ಎಂದು ಸಿಂಗಾರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮರಿ ರೆಕ್ಕೆ ಬಿಚ್ಚಿತು.

ನೀತಿ: ಆಸೆ ಪಡುವುದು ತಪ್ಪಲ್ಲ. ಆದರೆ ಆಸೆ ತೋರಿಸಿದ್ದೆಲ್ಲ ನಿಜವಲ್ಲ. ಬಯಸಿದ್ದೇ ಕಣ್ಣೆದುರು ಬಂದು ನಿಂತಾಗ, ನಂಬುವ ಮೊದಲು ವಿಚಾರಿಸಿ ನೋಡಬೇಕು.