ಹೊಗೆ ಹುಲಿಗೆಮ್ಮ

ಹೂ ಕಟ್ಟೋ ಕೈ ನಿಲ್ಲಿಸಬೇಡಿ, ಕಿವಿ ಮಾತ್ರ ಈ ಕಡೆ ಕೊಡಿ. ಬಹಳ ಹಿಂದೆ ಒಂದು ಊರಲ್ಲಿ ಅಂತ ಶುರು ಮಾಡಬೇಕು. ಆದರೆ ಆ ಊರು ಇದೇ ನಮ್ಮ ಕೆಂಗುಡ್ಡ. ಎಷ್ಟು ಹಿಂದೆ ಅಂದರೆ, ಇಡೀ ಊರಿಗೆ ಒಂದೇ ಒಂದು ವ್ಯಾನ್ ಇದ್ದ ಕಾಲ. ಅದಕ್ಕಿಂತ ಸರಿಯಾಗಿ ನನಗೂ ಗೊತ್ತಿಲ್ಲ.

ಆಗಲೂ ಊರ ಸುತ್ತ ಮಲ್ಲಿಗೆ ತೋಟವೇ. ಮುಂಜಾನೆ ನಲವತ್ತು ಹೆಂಗಸರು ಮೊಗ್ಗು ಬಿಡಿಸಿ ಬುಟ್ಟಿ ತುಂಬುತ್ತಿದ್ದರು. ದಾದಾಪೀರ ಅನ್ನೋನು ಆ ಬುಟ್ಟಿಗಳನ್ನ ತನ್ನ ಡೀಸೆಲ್ ವ್ಯಾನಿಗೆ ಹೇರಿಕೊಂಡು, ಗುಡ್ಡ ಹತ್ತಿ, ಆ ಕಡೆ ಇಳಿದು, ಪೇಟೆಗೆ ಮುಟ್ಟಿಸುತ್ತಿದ್ದ. ಅವನ ವ್ಯಾನ್ ಬರೋ ಮುಂಚೆ ಹೆಂಗಸರೇ ಬುಟ್ಟಿ ಹೊತ್ತು ಗುಡ್ಡ ದಾಟುತ್ತಿದ್ದರಂತೆ. ಪೇಟೆ ಮುಟ್ಟೋ ಹೊತ್ತಿಗೆ ಮೊಗ್ಗು ಅರಳಿ ಬಾಡಿ, ಕೊಳ್ಳೋರು ಮುಖ ತಿರುಗಿಸುತ್ತಿದ್ದರಂತೆ. ನಮ್ಮವ್ವ ಆ ನಲವತ್ತರಲ್ಲಿ ಒಬ್ಬಳು. ನಾನು ಹೇಳೋದೆಲ್ಲ ಅವಳ ಬಾಯಿಂದ ಕೇಳಿದ್ದು.

ಗುಡ್ಡದ ನೆತ್ತಿ ಮೇಲೆ, ಏರು ಮುಗಿಯೋ ಜಾಗದಲ್ಲಿ, ಹುಲಿಗೆಮ್ಮನ ಹೋಟೆಲ್. ಹೋಟೆಲ್ ಅಂದರೆ ನಾಲ್ಕು ತಗಡು, ಎರಡು ಬೆಂಚು, ಒಂದು ಸೌದೆ ಒಲೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಹುಲಿಗೆಮ್ಮ ಆರಡಿ ಎತ್ತರ ಇದ್ದಳು ಅಂತಾರೆ. ಊದುಗೊಳವೆ ಹಿಡಿದು ಒಂದು ಸಲ ಊದಿದರೆ ಹಸಿ ಸೌದೆಯೂ ಭಗ್ಗನೆ ಹತ್ತಿಕೊಳ್ಳುತ್ತಿತ್ತು ಅಂತಾರೆ. ಅವ್ವ ಹೇಳಿದ್ದು ಬೇರೆ. ಹುಲಿಗೆಮ್ಮ ಗಿಡ್ಡಿ. ಒಲೆ ಮುಂದೆ ಕೂತರೆ ಹೊಗೆಯಲ್ಲಿ ಕಾಣುತ್ತಲೇ ಇರಲಿಲ್ಲವಂತೆ. ಕೆಮ್ಮು ಕೇಳಿಸಿದರೆ, ಓ ಒಳಗಿದ್ದಾಳೆ, ಇವತ್ತು ಬಜ್ಜಿ ಉಂಟು ಅಂತ ತಿಳೀಬೇಕಿತ್ತಂತೆ.

ಹೀಗಿರುವಾಗ ದಾದಾಪೀರನ ವ್ಯಾನ್ ಹೊಗೆ ಬಿಡೋಕೆ ಶುರು ಮಾಡಿತು. ಮೊದಮೊದಲು ಸ್ವಲ್ಪ. ಆಮೇಲೆ ಆಲೆಮನೆಯಿಂದ ಎದ್ದಂಗೆ, ಕಪ್ಪನೆ, ದಟ್ಟನೆ. ಗುಡ್ಡದ ಆಚೆ ವ್ಯಾನ್ ಏರು ಹತ್ತುತ್ತಿದ್ದರೆ ಈಚೆ ಊರಲ್ಲಿ ಕೂತವರಿಗೆ ಆಕಾಶದಲ್ಲಿ ಕರೀ ಗೆರೆ ಕಾಣುತ್ತಿತ್ತಂತೆ. ಅದನ್ನ ನೋಡಿಯೇ ಹೆಂಗಸರು, ದಾದಾ ಬಂದ, ಅನ್ನಕ್ಕಿಡು ಅನ್ನುತ್ತಿದ್ದರಂತೆ. ನಕ್ಕೊಂಡಿದ್ದರು, ಪಾಪ. ನಗು ಬಹಳ ದಿನ ಉಳೀಲಿಲ್ಲ. ಹೊಗೆ ವ್ಯಾನಿನ ಒಳಕ್ಕೂ ನುಗ್ಗಿತು. ಬುಟ್ಟಿ ಮೇಲೆ ಹೊದಿಸಿದ ಒದ್ದೆ ಬಟ್ಟೆ ಮಸಿಯಾಯಿತು, ಮೊಗ್ಗಿನ ತುದಿ ಕಪ್ಪಾಯಿತು. ಪೇಟೆಯ ಹೂವಿನ ವ್ಯಾಪಾರಿ ಒಬ್ಬ ಮೊಗ್ಗು ಮೂಸಿ, ಇದನ್ನ ಮುಡಿಯೋಕೆ ತಂದಿರೋ, ದೀಪಕ್ಕೆ ಹಾಕೋಕೆ ತಂದಿರೋ ಅಂತ ಕೇಳಿದನಂತೆ.

ಅದೂ ಸಾಲದು ಅಂತ, ಮುಂಚೆ ಒಂದು ಕ್ಯಾನ್ ಡೀಸೆಲ್‌ನಲ್ಲಿ ಪೇಟೆಗೆ ಹೋಗಿ ಬರುತ್ತಿದ್ದ ಗಾಡಿಗೆ ಈಗ ಎರಡು ಕ್ಯಾನ್ ಬೇಕಾಯಿತು. ದಾದಾಪೀರ ಪೇಟೆಯ ಗ್ಯಾರೇಜುಗಳಿಗೆ ಸುತ್ತಿದ. ಒಬ್ಬ ನಾಝಲ್ ಬದಲಿಸಿದ. ಇನ್ನೊಬ್ಬ ಪಂಪ್ ಬಿಚ್ಚಿ ಕಟ್ಟಿದ. ಮೂರನೆಯವನು ಇಂಜಿನ್ನೇ ಮುದಿಯಾಗೈತೆ ಅಂದುಬಿಟ್ಟ. ಕೊನೆಗೆ ದಾದಾಪೀರ ಸೋತು, ವ್ಯಾನನ್ನ ಗುಜರಿಗೆ ಹಾಕ್ತೀನಿ ಅಂದ. ಗುಜರಿ ಕೊಟ್ರಯ್ಯ ಸೋಮವಾರ ಬಂದು ಎಳಕೊಂಡು ಹೋಗೋದು ಅಂತ ಮಾತಾಯಿತು. ಆ ಸುದ್ದಿ ಬಂದ ದಿನ ತೋಟದಲ್ಲಿ ಎಲ್ಲರೂ ಒಬ್ಬರ ತಲೆ ಒಬ್ಬರು ನೋಡಿಕೊಂಡರಂತೆ. ಸೋಮವಾರದಿಂದ ಮತ್ತೆ ಬುಟ್ಟಿ ಅಲ್ಲೇ ಕೂರಬೇಕಲ್ಲ.

ಶನಿವಾರ ಬೆಳಗ್ಗೆ ವ್ಯಾನ್ ಬುಸುಗುಡುತ್ತಾ ಏರು ಹತ್ತಿ ಹೋಟೆಲ್ ಮುಂದೆ ನಿಂತಿತು. ಹೊಗೆ ಹೋಟೆಲ್ ಒಳಕ್ಕೆ ಹೋಯಿತು, ಹೋಟೆಲಿನ ಹೊಗೆ ಹೊರಕ್ಕೆ ಬಂತು. ಎರಡರ ನಡುವಿನಿಂದ ಹುಲಿಗೆಮ್ಮ ಕಣ್ಣೊರೆಸಿಕೊಳ್ಳುತ್ತಾ ಈಚೆ ಬಂದಳು. ಬಂದವಳು ಬೈಯಲಿಲ್ಲ. ಸೈಲೆನ್ಸರ್ ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹೊಗೆ ನೋಡಿದಳು, ಮೂಸಿದಳು, ಬೆರಳಲ್ಲಿ ಮಸಿ ತೆಗೆದು ತಿಕ್ಕಿದಳು.

"ದಾದಾ, ನಿನ್ನ ಗಾಡಿಗೆ ಉಸಿರು ಸಾಲ್ತಿಲ್ಲ ಕಣಪ್ಪಾ," ಅಂದಳಂತೆ.

ಬೆಂಚಿನ ಮೇಲೆ ಚಹಾ ಕುಡೀತಿದ್ದ ಗಂಡಸರು ಬಿದ್ದು ಬಿದ್ದು ನಕ್ಕರಂತೆ. ದಾದಾಪೀರ ನಗಲಿಲ್ಲ. ನಗೋಕೆ ಅವನಲ್ಲಿ ತ್ರಾಣ ಇರಲಿಲ್ಲ.

"ಅಕ್ಕಾ, ಗ್ಯಾರೇಜಿನವರಿಗೇ ತಿಳೀಲಿಲ್ಲ."

"ಅವರು ಗಾಡಿ ನೋಡ್ಯಾರೆ. ನಾ ಹೊಗೆ ನೋಡೀನಿ, ಹುಟ್ಟಿದಾಗಿಂದ. ಉರಿಯೋದು ಜಾಸ್ತಿ ಇದ್ದು ಗಾಳಿ ಕಮ್ಮಿ ಆದ್ರೇನೇ ಇಂಥ ಕರೀ ಹೊಗೆ. ಇದಕ್ಕೆ ಗಾಳಿ ಎಲ್ಲಿಂದ ಹೋಗ್ತೈತೆ, ತೋರ್ಸು."

ದಾದಾಪೀರ ಬಾನೆಟ್ ಎತ್ತಿ, ಇಂಜಿನ್ನಿಗೆ ಹೋಗೋ ಗಾಳಿ ಸೋಸೋ ಡಬ್ಬ ತೋರಿಸಿದ. ಏರ್ ಫಿಲ್ಟರ್ ಇರೋ ಡಬ್ಬ. ಗ್ಯಾರೇಜಿನ ಮೂವರೂ ದೊಡ್ಡ ದೊಡ್ಡ ಸಾಮಾನು ಬಿಚ್ಚಿದ್ದರು, ಈ ಡಬ್ಬ ಮುಟ್ಟಿರಲಿಲ್ಲ. ಅವನೇ ಅದನ್ನ ತೆಗೆದು ಎಷ್ಟು ಕಾಲವಾಗಿತ್ತೋ. ಕ್ಲಿಪ್ ಬಿಚ್ಚಿ ಮುಚ್ಚಳ ತೆಗೆದ. ಒಳಗೆ ನಮ್ಮ ಕೆಂಪು ಮಣ್ಣು, ಮೊರದಲ್ಲಿ ತುಂಬೋ ಅಷ್ಟು. ಆ ಮಣ್ಣಿನ ನಡುವೆ ಹೂ ಕಟ್ಟೋ ಬಾಳೆನಾರು, ಒಣಗಿದ ಮೊಗ್ಗು, ಹರಿದ ಬಟ್ಟೆ ಚೂರು. ಆ ಮೆತ್ತನೆ ಹಾಸಿಗೆ ಮೇಲೆ ಗುಲಾಬಿ ಬಣ್ಣದ ಇಲಿಮರಿಗಳು!

ನಾಲ್ಕು ಮರಿ ಅಂತ ಅವ್ವ. ಏಳು ಅಂತ ಕೆಲವರು. ಪೇಟೆ ಕಡೆಯವರಂತೂ ಹೆಡೆ ಎತ್ತಿದ ನಾಗರಹಾವೇ ಇತ್ತು, ಹುಲಿಗೆಮ್ಮ ಕೈಮುಗಿದಾಗ ಸರಸರ ಇಳಿದು ಹೋಯಿತು ಅಂತಾರೆ. ಅದೆಲ್ಲ ಸುಳ್ಳು. ಇಲಿಮರಿ. ಹುಲಿಗೆಮ್ಮ ಅವನ್ನ ಸೆರಗಲ್ಲಿ ಹಾಕಿಕೊಂಡು ಹೋಗಿ, ಹೋಟೆಲ್ ಹಿಂದೆ ಒಡಕು ಗಡಿಗೆಯಲ್ಲಿ ಇಟ್ಟು, ಹಿಡಿ ಮಂಡಕ್ಕಿ ಹಾಕಿ ಬಂದಳಂತೆ. ಆಮೇಲೆ ದಾದಾಪೀರ ಫಿಲ್ಟರನ್ನ ಬಂಡೆಗೆ ಬಡಿದ. ಬಡಿದಷ್ಟೂ ಕೆಂಪು ಧೂಳು. ನಕ್ಕಿದ್ದ ಗಂಡಸರ ಪಂಚೆ, ಮೀಸೆ, ಚಹಾ, ಎಲ್ಲ ಕೆಂಪಾಯಿತಂತೆ. ಈಗ ಹುಲಿಗೆಮ್ಮ ನಕ್ಕಳು.

ಗಾಡಿ ಚಾಲೂ ಮಾಡಿದರೆ ಹೊಗೆ ಅರ್ಧಕ್ಕರ್ಧ ಇಳಿದಿತ್ತು. ಅರ್ಧ ಇನ್ನೂ ಇತ್ತು. ಹುಲಿಗೆಮ್ಮ ಸ್ವಲ್ಪ ಹೊತ್ತು ನಿಂತು ನೋಡಿ, ಒಲೆಯಿಂದ ಸೌದೆ ಹಿಂದಕ್ಕೆಳೆದು, ಕೈ ತೊಳೆದು, ಡ್ರೈವರ್ ಪಕ್ಕದ ಸೀಟಿಗೆ ಹತ್ತಿ ಕೂತಳು. ಅಷ್ಟು ವರ್ಷ ಕಣ್ಣ ಮುಂದೆ ಓಡಾಡಿದ ವ್ಯಾನಿನಲ್ಲಿ ಅವಳು ಕೂತಿದ್ದು ಅದೇ ಮೊದಲು. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲವಂತೆ.

ಪೇಟೆಗೆ ಹೋಗಿ ಬರೋ ದಾರಿಯುದ್ದಕ್ಕೂ ಅವಳು ರಸ್ತೆ ನೋಡಲಿಲ್ಲ, ದಾದಾಪೀರನ ಕಾಲು ನೋಡಿದಳು. ವಾಪಸ್ ಬರುವಾಗ ಏರಿನಲ್ಲಿ ಗಾಡಿ ಗಡಗಡ ಅಂತ ನಡುಗಿದರೂ ಅವನು ಗೇರ್ ಇಳಿಸದೆ ಎಕ್ಸಲರೇಟರ್ ಪೂರ್ತಿ ತುಳಿದ. ಹಿಂದೆ ಕರೀ ಮೋಡ ಎದ್ದಿತು.

"ಯಾಕಪ್ಪಾ ಅಷ್ಟು ತುಳೀತಿ? ಸೌದೆ ತುರುಕಿದ್ರೆ ಒಲೆ ಹೊಗೀತೈತೆ, ಉರಿಯಂಗಿಲ್ಲ. ಗಾಡಿ ಆಗಲ್ಲ ಅಂತ ಅಳಾಕ ಹತ್ತೈತೆ, ನಿನಗೆ ಕೇಳ್ಸಂಗಿಲ್ಲೇನು? ಸಣ್ಣ ಗೇರಿಗೆ ಹಾಕು. ಕಾಲು ಸಡಿಲ ಬಿಡು."

ಅವನು ಗೇರ್ ಇಳಿಸಿ ಕಾಲು ಸಡಿಲಿಸಿದ. ನಡುಕ ನಿಂತಿತು. ಕನ್ನಡಿಯಲ್ಲಿ ಹಿಂದೆ ನೋಡಿದರೆ ರಸ್ತೆ ಕಾಣುತ್ತಿತ್ತಂತೆ. ಎಷ್ಟೋ ದಿನದಿಂದ ಆ ಕನ್ನಡಿಯಲ್ಲಿ ಅವನು ರಸ್ತೆ ಕಂಡಿರಲಿಲ್ಲ. ನೆತ್ತಿಗೆ ಬಂದು ಇಳಿದ ಮೇಲೆ ಹುಲಿಗೆಮ್ಮ ಟೈರ್ ಒದ್ದು ನೋಡಿ, ಇದರಾಗೂ ಗಾಳಿ ಕಮ್ಮಿ ಐತೆ, ಎಳೆಯೋಕೆ ಅದಕ್ಕೆ ಕಷ್ಟ ಆಗಲ್ವಾ ಅಂದಳಂತೆ. ಭಾನುವಾರ ಟೈರಿಗೆ ಗಾಳಿ ಹಾಕಿಸಿದ್ದಾಯಿತು.

ಸೋಮವಾರ ಬೆಳಕಾಗುತ್ತಲೇ ಗುಜರಿ ಕೊಟ್ರಯ್ಯ ಲಾರಿ ತಗೊಂಡು, ವ್ಯಾನ್ ನಿಂತಿದ್ದ ನೆತ್ತಿಗೆ ಬಂದ. ನಲವತ್ತು ಹೆಂಗಸರೂ ಬುಟ್ಟಿ ಹೊತ್ತು ಅಲ್ಲಿಗೇ ಬಂದಿದ್ದರು. ಗಾಡಿ ಸರಿಯಾಗೈತೆ ಅಂತ ದಾದಾಪೀರ ಅಂದರೆ ಕೊಟ್ರಯ್ಯ ಒಪ್ಪಲಿಲ್ಲ. ಮಾತು ಕೊಟ್ಟ ಮೇಲೆ ಮುಗೀತು ಅಂದ. ಆಗ ಹುಲಿಗೆಮ್ಮ ಸೌಟು ಹಿಡಿದುಕೊಂಡೇ ಬಂದಳು.

"ಕೊಟ್ರಯ್ಯಣ್ಣಾ, ಟ್ಯಾಂಕ್ ಖಾಲಿ ಮಾಡಿ ಒಂದೇ ಕ್ಯಾನ್ ಹಾಕು, ನಿನ್ನ ಕೈಯಾರೆ. ಹೊಗೆ ಪೈಪಿನ ಪಕ್ಕ ಒಂದು ಬುಟ್ಟಿ ಮೊಗ್ಗು ಕಟ್ತೀನಿ. ಪೇಟೆಗೆ ಹೋಗಿ ಬರ್ತೀವಿ. ಮೊಗ್ಗು ಕಪ್ಪಾದ್ರೆ, ಇಲ್ಲಾ ಗಾಡಿ ಈ ಹೋಟೆಲ್ ಮುಟ್ಟದೇ ಹೋದ್ರೆ, ಎಳಕೊಂಡು ಹೋಗು. ಅಲ್ಲೀತನ ಕೂತ್ಕೊಂಡು ಬಜ್ಜಿ ತಿನ್ನು."

ಕೊಟ್ರಯ್ಯ ಬಜ್ಜಿ ಪ್ರಿಯ. ಒಪ್ಪಿಕೊಂಡ. ಹುಲಿಗೆಮ್ಮ ಒಲೆಯನ್ನ ನಮ್ಮವ್ವನ ಕೈಗೆ ಒಪ್ಪಿಸಿ ವ್ಯಾನ್ ಹತ್ತಿದಳು. ವ್ಯಾನ್ ಇಳಿಜಾರಿನಲ್ಲಿ ಮರೆಯಾಯಿತು.

ಹೊತ್ತು ಏರಿತು. ಬರೋ ಹೊತ್ತಾಯಿತು. ಹೆಂಗಸರೆಲ್ಲ ಬಂಡೆ ಮೇಲೆ ನಿಂತು ಪೇಟೆ ಕಡೆ ನೋಡಿದರು. ಹೊಗೆ ಕಾಣಲಿಲ್ಲ. ಇನ್ನೊಂದು ಸುತ್ತು ಚಹಾ ಆಯಿತು. ಹೊಗೆ ಕಾಣಲಿಲ್ಲ. ನಡುದಾರಿಯಲ್ಲಿ ನಿಂತುಬಿಟ್ಟಿರಬೇಕು ಅಂತ ಒಬ್ಬಳು ಅಂದಳು. ಇನ್ನೊಬ್ಬಳು ಸೆರಗು ಸುತ್ತಿ ಸಿಂಬೆ ಮಾಡೋಕೆ ಶುರು ಮಾಡಿದಳಂತೆ, ನಾಳೆ ಬುಟ್ಟಿ ಹೊರೋದಕ್ಕೆ. ಕೊಟ್ರಯ್ಯ ಎದ್ದು ಪಂಚೆ ಕೊಡವಿ ಲಾರಿಯಿಂದ ಹಗ್ಗ ಇಳಿಸಿದ.

ಅಷ್ಟರಲ್ಲಿ ಇಲ್ಲೇ, ಕೆಳಗಿನ ತಿರುವಿನಲ್ಲೇ, ಪಾಂವ್ ಅಂತ ಹಾರ್ನ್!

ಹೊಗೆಯೇ ಇಲ್ಲದೆ ವ್ಯಾನ್ ಅಷ್ಟು ಹತ್ತಿರ ಬಂದುಬಿಟ್ಟಿತ್ತು. ಎಲ್ಲರೂ ಆಕಾಶ ನೋಡುತ್ತಿದ್ದರು, ರಸ್ತೆ ನೋಡಿದವರಿಲ್ಲ. ಹೆಂಗಸರು ಹೋ ಅಂತ ಕೂಗಿದರು. ಕೂಗು ಮುಗಿಯೋ ಮುಂಚೆ ವ್ಯಾನ್ ಮುಗ್ಗರಿಸಿ ಮುಗ್ಗರಿಸಿ, ಹೋಟೆಲ್ಲಿಗೆ ನೂರು ಹೆಜ್ಜೆ ಇರುವಾಗ, ನಿಂತೇ ಹೋಯಿತು. ಡೀಸೆಲ್ ಮುಗಿದಿತ್ತು.

ದಾದಾಪೀರ ಸ್ಟಿಯರಿಂಗ್ ಮೇಲೆ ಹಣೆ ಇಟ್ಟ. ಹುಲಿಗೆಮ್ಮ ಬಾಗಿಲು ತೆಗೆದು ಕೆಳಕ್ಕೆ ಹಾರಿ, ಹಿಂದಕ್ಕೆ ಹೋಗಿ ವ್ಯಾನಿಗೆ ಎರಡೂ ಕೈ ಕೊಟ್ಟಳು. ಅವಳೊಬ್ಬಳೇ ನೂರು ಹೆಜ್ಜೆ ನೂಕಿದಳು ಅಂತಾರೆ. ಇಲ್ಲ. ನಲವತ್ತು ಹೆಂಗಸರು ಇಳಿದು ಓಡಿದರು. ಆದರೂ ಏರಲ್ಲವೇ, ಗಾಡಿ ಹಿಂದಕ್ಕೇ ಜಾರಿತು. ಆಗ ಯಾರೋ ಜೋರಾಗಿ, "ಹೆಗಲು ಕೊಡ್ರವ್ವಾ, ಕೈಯಿಂದ ಆಗಲ್ಲ!" ಅಂತ ಕೂಗಿದರು. ನೋಡಿದರೆ ಕೊಟ್ರಯ್ಯ! ಹಗ್ಗ ಬಿಸಾಕಿ ಬಂದು, ಎಲ್ಲರ ನಡುವೆ ಹೆಗಲು ಕೊಟ್ಟು ನೂಕುತ್ತಿದ್ದ. ನೂಕಿ ನೂಕಿ ಹೋಟೆಲ್ ಮುಂದೆ ತಂದು ನಿಲ್ಲಿಸಿದರು.

"ಅಣ್ಣಾ, ನೀನ್ಯಾಕೆ ನೂಕಿದಿ?" ಅಂತ ದಾದಾಪೀರ ಕೇಳಿದನಂತೆ.

ಕೊಟ್ರಯ್ಯ ಏದುಸಿರು ಬಿಡುತ್ತಾ ಪೈಪಿನ ಪಕ್ಕದ ಬುಟ್ಟಿ ಬಿಚ್ಚಿದ. ಮೊಗ್ಗು ಬೆಳ್ಳಗಿತ್ತು. ಮೂಸಿದ. ಮಲ್ಲಿಗೆ ವಾಸನೆಯೇ ಬಂತು.

"ಹುಲಿಗೆಮ್ಮ ಗಾಡಿ ಹೋಟೆಲ್ ಮುಟ್ಟಬೇಕು ಅಂದ್ಲು. ಮುಟ್ಟೈತೆ," ಅಂದು, ಒಂದು ಹಿಡಿ ಮೊಗ್ಗು ಹೆಂಡತಿಗೆ ಅಂತ ಜೇಬಿಗೆ ಹಾಕಿಕೊಂಡು, ಖಾಲಿ ಲಾರಿ ಹತ್ತಿ ಹೊರಟನಂತೆ.

ಅವತ್ತಿನಿಂದ ಸುತ್ತ ಹತ್ತೂರ ಡ್ರೈವರುಗಳು ನೆತ್ತಿಗೆ ಬಂದು ಇಂಜಿನ್ ಚಾಲೂ ಇಟ್ಟೇ, ಅಕ್ಕಾ ಹೊಗೆ ನೋಡು ಅನ್ನತೊಡಗಿದರು. ಕರೀ ಹೊಗೆಗೆ, ಗಾಳಿ ಕೊಡು, ಕಾಲು ಸಡಿಲಿಸು ಅನ್ನುತ್ತಿದ್ದಳಂತೆ. ನೀಲಿ ಹೊಗೆ ಬಂದರೆ, ನಿನ್ನ ಇಂಜಿನ್ ಆಯಿಲ್ ಸುಡ್ತಾ ಐತೆ, ನನ್ನ ಬಾಣಲಿಗಿಂತ ಜೋರು ಅನ್ನುತ್ತಿದ್ದಳಂತೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಇದು ನನ್ನ ಕೈಲಾಗಲ್ಲ, ದೊಡ್ಡ ಗ್ಯಾರೇಜಿಗೆ ಹೋಗಪ್ಪಾ ಅಂತ ಕಳಿಸುತ್ತಿದ್ದಳಂತೆ. ಅವಳು ಕಣ್ಣು ಬಿಟ್ಟರೆ ಹೊಗೆ ಪೈಪಿನೊಳಕ್ಕೆ ವಾಪಸ್ ಹೋಗುತ್ತಿತ್ತು ಅನ್ನೋರೂ ಇದ್ದಾರೆ. ಅನ್ನಲಿ ಬಿಡಿ.

ಒಂದು ದಿನ ದಾದಾಪೀರ ಡ್ರೈವರುಗಳನ್ನೆಲ್ಲ ಸೇರಿಸಿದ. ಅಕ್ಕ ನಮ್ಮೆಲ್ಲರ ಹೊಗೆ ಬಿಡಿಸಿದಳು, ಅವಳು ಮಾತ್ರ ಒಲೆ ಹೊಗೆಯಲ್ಲಿ ಕೆಮ್ಮುತ್ತಾ ಕೂತಿದ್ದಾಳೆ, ನಮಗೆ ನಾಚಿಕೆ ಆಗಬೇಡವೇ ಅಂದ. ಒಬ್ಬ ಹಳೇ ಸೈಲೆನ್ಸರ್ ಪೈಪ್ ತಂದ, ಒಬ್ಬ ತಗಡು ಕೊರೆದ, ಒಬ್ಬ ವೆಲ್ಡ್ ಮಾಡಿದ. ಒಲೆ ಮೇಲಿಂದ ಮಾಡಿನಾಚೆಗೆ ಹೊಗೆಗೂಡು ನಿಂತಿತು. ಹೋಟೆಲ್ ಒಳಗೆ ಮೊದಲ ಸಲ ಬೆಳಕು ಬಿತ್ತು. ಅವತ್ತು ಹುಲಿಗೆಮ್ಮ ಒಂದು ಸಲವೂ ಕೆಮ್ಮದೆ ಇನ್ನೂರು ಬಜ್ಜಿ ಕರಿದು, ಎಲ್ಲರಿಗೂ ಬಲವಂತ ಮಾಡಿ ತಿನ್ನಿಸಿದಳು ಅಂತ ಅವ್ವ ಹೇಳುತ್ತಿದ್ದಳು. ಮುಖ ಇಷ್ಟು ಬೆಳ್ಳಗೈತಾ ನಿಂದು ಅಂತ ಹೆಂಗಸರು ಛೇಡಿಸಿದರಂತೆ.

ಬಹಳ ವರ್ಷ ಬಾಳಿ, ಸುಖವಾಗಿ ಹೋದಳು. ಈಗ ಅಲ್ಲಿ ಹೋಟೆಲಿಲ್ಲ, ರಸ್ತೆ ಅಗಲವಾಗಿದೆ, ಊರಲ್ಲಿ ಹನ್ನೊಂದು ವ್ಯಾನ್ ಇವೆ. ಆದರೆ ಕೆಂಗುಡ್ಡದ ಯಾವ ವ್ಯಾನಿಗೆ ಬೇಕಾದರೂ ಹತ್ತಿ ನೋಡಿ. ಡ್ರೈವರ್ ಪಕ್ಕದ ಸೀಟು ವಯಸ್ಸಾದ ಹೆಂಗಸಿಗೇ ಮೀಸಲು. ಊರ ಗೌಡ ಬಂದರೂ ಹಿಂದೆಯೇ ಕೂರಬೇಕು. ಅವಳು ನಿಧಾನ ಅಂದರೆ ಡ್ರೈವರ್ ನಿಧಾನ ಮಾಡಲೇಬೇಕು. ಎದುರು ಮಾತಾಡೋ ಹಂಗಿಲ್ಲ.

ಮೊನ್ನೆ ನಾನೂ ಕೂತಿದ್ದೆ. ಏರು ಬಂತು. ನನಗೆ ಗಾಡಿ ವಿಷಯ ಏನೂ ತಿಳಿಯೋದಿಲ್ಲ ಕಣ್ರವ್ವಾ. ಆದರೂ ಸುಮ್ಮನಿರೋಕಾಗಲಿಲ್ಲ, "ಸಣ್ಣ ಗೇರಿಗೆ ಹಾಕಪ್ಪಾ," ಅಂದೆ.

"ಆಯ್ತಮ್ಮ," ಅಂದು ಹಾಕಿದ.