ನೆಲ ಕೇಳುವ ಓಬಯ್ಯ

ಬಹಳ ಹಿಂದೆ, ಯಾವ ರಾಜನ ಕಾಲ ಎಂದು ಕೇಳಬೇಡಿ, ನಮ್ಮಜ್ಜಿಗೂ ಗೊತ್ತಿರಲಿಲ್ಲ, ಹೊನ್ನಕುಣಿ ಎಂಬ ಒಂದು ಊರಿತ್ತಂತೆ. ಅದರ ಅಡಿಯಲ್ಲಿ ಇನ್ನೂ ಹಿಂದಿನವರು ಚಿನ್ನದಾಸೆಗೆ ಬಿಲ ತೋಡಿ, ಸಿಕ್ಕಿದ್ದನ್ನು ಬಾಚಿಕೊಂಡು, ಮುಚ್ಚದೆ ಹೋಗಿಬಿಟ್ಟಿದ್ದರಂತೆ. ಉಂಡವರು ಒಬ್ಬರು, ಎಲೆ ಎತ್ತಿದವರು ಇನ್ನೊಬ್ಬರು. ಮಳೆ ಹಿಡಿದರೆ ಎಲ್ಲೋ ಒಂದು ಕಡೆ ನೆಲ ಬಾಯಿ ಬಿಡುತ್ತಿತ್ತು.

ಆ ಊರಲ್ಲಿ ಬಾವಿ ತೋಡುವ ಓಬಯ್ಯ ಇದ್ದನಂತೆ. ಖಾಲಿ ಮಡಕೆಯನ್ನು ಕಂಠದವರೆಗೆ ಹೂತು, ಅದರ ಬಾಯಿಗೆ ಕಿವಿಯಿಟ್ಟು ಮಲಗುತ್ತಿದ್ದ. ದೂರದಲ್ಲಿ ಯಾರಾದರೂ ನೆಲ ಗುದ್ದಿದರೆ ಸದ್ದು ಅದರೊಳಗೆ ಬರುತ್ತಿತ್ತು. ಗಟ್ಟಿ ನೆಲದಲ್ಲಿ ಬಂದ ಸದ್ದು ಚುರುಕು. ಪೊಳ್ಳು ದಾಟಿ ಬಂದದ್ದು ತಡ, ಮಂಕು. ಪಾತಾಳದ ಆದಿಶೇಷ ಮಗ್ಗುಲು ಬದಲಿಸಿದ್ದೂ ಅವನಿಗೆ ಕೇಳುತ್ತಿತ್ತು ಅನ್ನುವವರಿದ್ದಾರೆ. ಅಷ್ಟೆಲ್ಲ ನಾನು ನಂಬುವುದಿಲ್ಲ.

ಆದರೆ ಊರೆಲ್ಲ ಬಂಡೆ. ಮಡಕೆ ಹೂಳುವಷ್ಟು ಮಣ್ಣಿದ್ದದ್ದು ನಾಲ್ಕು ಮೂಲೆಗಳಲ್ಲಿ ಮಾತ್ರ. ಅವನ ತಮ್ಮ ಚಿತ್ತಯ್ಯ ಮನೆ ಕಟ್ಟುವಾಗ ಜಾಗದ ಎರಡು ಬದಿ ಹಾದು ಬಂದ ಸದ್ದೂ ಚುರುಕಾಗಿತ್ತು. ಎರಡು ಬದಿ ಗಟ್ಟಿಯಾದರೆ ನಡುವೆಯೂ ಗಟ್ಟಿಯೇ, ಕಟ್ಟು ಎಂದುಬಿಟ್ಟ ಓಬಯ್ಯ. ಆ ಮಳೆಗಾಲ ನಡುಮನೆ ಕುಸಿದು ಚಿತ್ತಯ್ಯ ಮಣ್ಣುಪಾಲಾದ.

ಚಿತ್ತಯ್ಯನ ಹೆಂಡತಿ ಬೋರಕ್ಕ ಮೇಲಿನ ಕೇರಿಯ ಮನೆಯೊಂದನ್ನು ಸೇರಿದಳು. ಭಾವನ ಜೊತೆ ಮಾತು ಬಿಟ್ಟಳು. ಊರೂ ಬಿಟ್ಟಿತು. ಹೆಂಡತಿ ಮಕ್ಕಳಿಲ್ಲದ ಓಬಯ್ಯ ಅಂಥದೊಂದು ಮೂಲೆಯಲ್ಲಿ ಊರಾಚೆಯ ಗುಡಿಸಲು ಸೇರಿ, ಮಾತಾಡಿಸುವವರಿಲ್ಲದೆ ಮಡಕೆಗೆ ಕಿವಿಯಿಟ್ಟು ಮಲಗುತ್ತಿದ್ದನಂತೆ. ಬೆಳಗಾದರೆ ಹೆಂಗಸರು ನವಣೆ ಕುಟ್ಟುವ ಸದ್ದು ನೆಲದೊಳಗಿಂದ ಬರುತ್ತಿತ್ತು. ಯಾವ ಪೆಟ್ಟು ಯಾರ ಕೈಯದೆಂದು ಕಲಿತ. ಅವನ ಪಾಲಿನ ಊರು ಅಷ್ಟೇ.

ಹೀಗೆ ಕೇಳುತ್ತ ಕೇಳುತ್ತ ಹೊಳೆಯಿತಂತೆ: ಕಿವಿಯಿಡುವ ಜಾಗ ಹೆಚ್ಚಲಾರದು, ಕುಟ್ಟುವ ಜಾಗ ಹೆಚ್ಚಬಹುದಲ್ಲ! ಮನೆಗೊಂದು ಒರಳಿದೆ. ಪ್ರತಿ ಒರಳಿಂದ ನಾಲ್ಕು ಮಡಕೆಗೂ ನೆಲದೊಳಗೆ ದಾರಿಯಿದೆ. ಸದ್ದು ಮಂಕಾಗುವ ದಾರಿಗಳು ಎಲ್ಲಿ ಒಂದನ್ನೊಂದು ಹಾಯುತ್ತವೋ ಅಲ್ಲಿ ಪೊಳ್ಳು. ತಮ್ಮನ ಮನೆ ಕಟ್ಟುವಾಗ ಇದು ತೋಚಲಿಲ್ಲವಲ್ಲ ಎಂದು ಮಡಕೆಯೊಳಕ್ಕೇ ಅತ್ತನಂತೆ.

ಮುಂದಿನ ಮಳೆಗೆ ಮುಂಚೆ ಮೇಲಿನ ಕೇರಿಯ ಗೋಡೆಗಳು ಬಿರಿದವು. ಯಾವ ಮನೆ ಬಿಡಬೇಕು, ಯಾವುದರಲ್ಲಿರಬೇಕು, ಯಾರಿಗೂ ತಿಳಿಯದು. ಓಬಯ್ಯ ಬಂದು, ಒಟ್ಟಿಗೆ ಕುಟ್ಟಿದರೆ ಸದ್ದು ಕಲಸಿಹೋಗುತ್ತದೆ, ಒಬ್ಬೊಬ್ಬರೇ ಕುಟ್ಟಿ ಎಂದು ಬೇಡಿಕೊಂಡ. ನಿನ್ನ ಮಾತು ಕೇಳಿ ಒಂದು ಹೆಣ ಎತ್ತಿದ್ದು ಸಾಕು ಎಂದರು ಊರವರು.

ಆಗ ಬೋರಕ್ಕ ಎದ್ದಳಂತೆ. ಭಾವನ ಕಡೆ ತಿರುಗಿಯೂ ನೋಡಲಿಲ್ಲ.

"ನಾನು ಕೈ ತೋರ್ಸಿದ ಮನೆಯೋಳು ಮಾತ್ರ ಕುಟ್ರಿ. ಮಿಕ್ಕೋರು ಉಸಿರೆತ್ತಬ್ಯಾಡ್ರಿ."

ಗಂಡನನ್ನು ಕಳಕೊಂಡವಳೇ ಹೇಳಿದ ಮೇಲೆ ಇಲ್ಲ ಅನ್ನುವವರು ಯಾರು? ಓಬಯ್ಯ ಮಡಕೆಯಿಂದ ಮಡಕೆಗೆ ಓಡಿದ, ಹೆಂಗಸರು ಸರದಿಯ ಮೇಲೆ ಕುಟ್ಟಿದರು. ಸಂಜೆಗೆ ಬಂದು, ಬೇವಿನ ಮರದಿಂದ ಬೋರಕ್ಕನ ಹಿತ್ತಲವರೆಗೆ ಅಡಿಯಲ್ಲಿ ಏನೂ ಇಲ್ಲ, ಬರೀ ಪೊಳ್ಳು ಎಂದ. ಆ ಸಾಲಿನವರು ಗಂಟುಮೂಟೆ ಕಟ್ಟಿದರು. ಮೊದಲ ಮಳೆಗೇ ಸಾಲು ಕುಸಿಯಿತು. ಒಂದು ಕೋಳಿಯೂ ಸಾಯಲಿಲ್ಲವಂತೆ.

ಊರು ಅವನನ್ನು ಮತ್ತೆ ಕರೆಯಿತು. ಬೋರಕ್ಕ ಕರೆಯಲಿಲ್ಲ. ಅವಳು ಕರೆಯದೆ ಅವನು ಬರಲಿಲ್ಲ. ಕ್ಷಮಿಸುವುದು ಅವಳ ಕೈಲಾಗಲಿಲ್ಲ, ಪಾಪ, ತಪ್ಪೆನ್ನಲು ನಾವ್ಯಾರು? ಆದರೆ ಹೊಸ ಮನೆ ಸೇರಿದ ಮಾರನೆಯ ಬೆಳಗಿನಿಂದ ಅವಳು ನವಣೆ ಸುರಿಯುವ ಮುಂಚೆ ಖಾಲಿ ಒರಳಿಗೆ ಒಂದೇ ಒಂದು ಪೆಟ್ಟು ಹಾಕುತ್ತಿದ್ದಳಂತೆ. ಆಚೆ ಗುಡಿಸಲಲ್ಲಿ ಅವನು ಅದಕ್ಕೇ ಕಾದು ಮಲಗಿರುತ್ತಿದ್ದನಂತೆ. ಸಾಯುವ ತನಕ ಅವರಿಬ್ಬರ ನಡುವೆ ಇದ್ದ ಮಾತು ಅದೊಂದೇ.

ಅವನು ಸತ್ತ ಮೇಲೂ ಅವಳು ಬಿಡಲಿಲ್ಲ. ಈಗ ಕಾಳೆಲ್ಲ ಗಿರಣಿಗೆ ಹೋಗುತ್ತದೆ, ಒರಳಲ್ಲಿ ಮಳೆನೀರು ನಿಂತಿರುತ್ತದೆ. ಆದರೂ ಹೊನ್ನಕುಣಿಯಲ್ಲಿ ತಮ್ಮವರೊಡನೆ ಮಾತು ಬಿಟ್ಟವರು ಬೆಳಗ್ಗೆ ಎದ್ದು, ನೀರು ಚೆಲ್ಲಿ, ಒಂದು ಪೆಟ್ಟು ಹಾಕುತ್ತಾರೆ. ಕೇಳಿಸಿಕೊಂಡವರು ಉತ್ತರ ಕೊಡಬೇಕೆಂದಿಲ್ಲ.