ಶಾಲೆಯ ಕೋವಿ ಕಾದ ಜಡೆಯ

ಕಾಡಿನ ಅಂಚಿಗೆ ಒಂದೂರು, ಊರಿನ ಅಂಚಿಗೆ ಒಂದು ಶಾಲೆ, ಶಾಲೆಯ ಗೇಟಿಗೆ ಒಬ್ಬ ಜಡೆಯ. ಅವನ ತಾಯಿ ದುಂಡಮ್ಮ. ಒಬ್ಬನೇ ಮಗ. ಬೆಟ್ಟದಂಥ ಆಳು, ಹಸುವಿನಂಥ ಮನಸ್ಸು. ಬುದ್ಧಿ ಮಾತ್ರ ಹೇಳಿದಷ್ಟೇ ಕೇಳುವ ಬುದ್ಧಿ.

ಒಂದು ಸಲ ಅವಳು "ಬಾಗಿಲ ಕಡೆ ನೋಡ್ಕೊ ಮಗ" ಅಂತ ಹೇಳಿ ಹೊಲಕ್ಕೆ ಹೋದಳು. ಬಂದು ನೋಡಿದರೆ ಜಡೆಯ ಬಾಗಿಲನ್ನೇ ನೋಡುತ್ತಾ ಕೂತಿದ್ದ. ಹಿತ್ತಲ ಕಡೆಯಿಂದ ಹಸು ನುಗ್ಗಿ ನೆನೆಹಾಕಿದ ಅಕ್ಕಿಯನ್ನೆಲ್ಲ ತಿಂದು ಮುಗಿಸಿತ್ತು.

ಅಪ್ಪ ಅದೇ ಶಾಲೆಯ ಕಾವಲುಗಾರನಾಗಿದ್ದ. ಅವನು ತೀರಿಕೊಂಡ ಮೇಲೆ ಕೆಲಸ ಮಗನಿಗೆ ಬಂತು. ಕೆಲಸದ ಜೊತೆಗೆ ಶಾಲೆಯ ಒಂಟಿ ನಳಿಗೆ ಕೋವಿಯೂ ಬಂತು. ಕಾಡುಹಂದಿ ನುಗ್ಗುವ ಜಾಗ ಅಂತ ಅಪ್ಪಣೆ ತೆಗೆದು ಇಟ್ಟ ಕೋವಿ. ಲೈಸೆನ್ಸ್ ಕೊಡುವವರು ಜಡೆಯನ ಕಣ್ಣು ನೋಡಿದರು, ಕೈ ನಡುಗುತ್ತದೋ ನೋಡಿದರು. ಬುದ್ಧಿ ನೋಡುವ ಯಂತ್ರ ಅವರ ಹತ್ತಿರ ಇರಲಿಲ್ಲ. ಅವನ ಹೆಸರು ಬರೆದುಕೊಟ್ಟರು. ಹೆಸರು ಇದ್ದವನನ್ನು ಬಿಟ್ಟು ಇನ್ನೊಬ್ಬರು ಆ ಕೋವಿ ಮುಟ್ಟುವ ಹಾಗಿಲ್ಲ.

"ಮಗ, ಈ ಕೆಲಸ ಹೋದ್ರೆ ನಮಗೆ ಒಲೆ ಹತ್ತಾಕಿಲ್ಲ. ಹೆಡ್‌ಮೇಷ್ಟ್ರು ಹೆಂಗೆ ಹೇಳ್ತರೊ ಹಂಗೇ ಮಾಡು" ಅಂದಳು ದುಂಡಮ್ಮ.

"ಹಂಗೇ ಮಾಡ್ತೀನಿ ಕನವ್ವ" ಅಂದ ಜಡೆಯ.

ಹೆಡ್‌ಮೇಷ್ಟ್ರು ಗುರುಮಲ್ಲಪ್ಪ ಮೊದಲ ದಿನವೇ ಹೇಳಿದರು: "ನೋಡು ಜಡೆಯ, ಇದು ಶಾಲೆ. ಕೋವಿ ಮಕ್ಕಳ ಕಣ್ಣಿಗೆ ಬೀಳಬಾರದು. ಅದು ಕಾನೂನು."

ಮಾರನೇ ದಿನ ಜಡೆಯ ಕೋವಿಯನ್ನು ಹೆಗಲಿಗೇರಿಸಿ ಗೇಟಿನಲ್ಲಿ ನಿಂತ. ಬಂದ ಬಂದ ಮಕ್ಕಳಿಗೆ, "ಕಣ್ ಮುಚ್ಕೊಳ್ರಪ್ಪ, ಕಾನೂನು. ಕಣ್ ಮುಚ್ಕೊಂಡು ಹೋಗ್ರವ್ವ, ಕಾನೂನು" ಅಂದ. ಮಕ್ಕಳಿಗೆ ಅದೊಂದು ಆಟವಾಯಿತು. ಕಣ್ಣು ಮುಚ್ಚಿಕೊಂಡು ಒಬ್ಬ ಧ್ವಜದ ಕಂಬಕ್ಕೆ ಹಣೆ ಬಡಿಸಿಕೊಂಡ. ಇಬ್ಬರು ಹುಡುಗಿಯರು ನೀರಿನ ತೊಟ್ಟಿಗೆ ಬಿದ್ದರು.

ಹೆಡ್‌ಮೇಷ್ಟ್ರು ಓಡಿ ಬಂದರು. "ಮಕ್ಕಳ ಕಣ್ಣು ಮುಚ್ಚಿಸೋದಲ್ವೋ, ಕೋವೀನ ಒಳಗಿಡೋದು. ನನ್ನ ಬೀರುವಿನಲ್ಲಿಟ್ಟು ಬೀಗ ಹಾಕು. ತೋಟಾಕ್ಕೂ ಬೇರೆ ಬೀಗ ಹಾಕು. ತೋಟಾ ನೆನೆಯಬಾರದು ಗೊತ್ತಾಯ್ತಾ? ಒಣಗಿರಬೇಕು."

"ಹಂಗೇ ಮಾಡ್ತೀನಿ ಸಾ."

ತೋಟಾ ಅಂದರೆ ಕೋವಿಗೆ ಹಾಕುವ ಮದ್ದುಗುಂಡು. ಅದನ್ನು ಅವನಪ್ಪ 'ಈಡು' ಅನ್ನುತ್ತಿದ್ದ. ಜಡೆಯನಿಗೆ ಗೊತ್ತಿದ್ದದ್ದು ಆ ಹೆಸರೊಂದೇ. ತೋಟಾ ಅಂದದ್ದು ಅವನ ಕಿವಿಗೆ ತೋಟ ಅಂತ ಬಿತ್ತು. ಶಾಲೆಯ ಹಿಂದೆ ಬಿಸಿಯೂಟಕ್ಕೆ ಅಂತ ಬೆಳೆಸಿದ ತೋಟವಿತ್ತು. ಬದನೆ, ಟೊಮೇಟೊ, ದಂಟಿನ ಸೊಪ್ಪು. ಅದರ ತಡಿಕೆ ಬಾಗಿಲಿಗೆ ಬೀಗ ಜಡಿದ. ನೀರು ಬಿಡುವ ನಲ್ಲಿ ಕಟ್ಟಿದ. ಮೋಡ ಕಂಡರೆ ಟಾರ್ಪಾಲು ಹೊದಿಸಿದ. ವಾರ ಕಳೆಯಿತು. ಬದನೆ ಬಾಡಿತು, ಸೊಪ್ಪು ಹುಲ್ಲಾಯಿತು.

ಅಡುಗೆಯ ಚಿಕ್ಕತಾಯಮ್ಮ ಹೆಡ್‌ಮೇಷ್ಟ್ರ ಮುಂದೆ ಸೌಟು ಹಿಡಿದು ನಿಂತಳು. "ಬರೀ ಬೇಳೆ ನೀರು ಬಡಿಸ್ತಾ ಇವ್ನಿ ಸಾ. ಇವನು ತೋಟದ ಒಳಕ್ಕೆ ಬುಡಾಕಿಲ್ಲ ಅಂತನೆ."

"ಚೆನ್ನಾಗಿ ಒಣಗದೆ ಸಾ, ಬಂದು ನೋಡಿ" ಅಂದ ಜಡೆಯ.

ಹೆಡ್‌ಮೇಷ್ಟ್ರು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. "ಹಾಗಾದರೆ ಈಡು ಎಲ್ಲಿಟ್ಟಿದ್ದೀಯೋ?"

"ಕೋವಿ ಪಕ್ಕದಾಗೇ ಸಾ. ಎರಡೂ ಜೊತೇಲವೆ."

"ಅಯ್ಯೋ, ಅದೇ ಆಗಬಾರದು. ಕೋವಿ ಇರುವ ಕಡೆ ಈಡು ಇರಬಾರದು, ಈಡು ಇರುವ ಕಡೆ ಕೋವಿ ಇರಬಾರದು. ಈಡು ಮನೇಲಿಟ್ಟು ಬೀಗ ಹಾಕು. ಯಾವ ಕಾರಣಕ್ಕೂ ಎರಡನ್ನೂ ಸೇರಿಸಬೇಡ."

ಜಡೆಯ ಈಡು ಮನೆಗೊಯ್ದು ಅವ್ವನ ಟ್ರಂಕಿನಲ್ಲಿಟ್ಟು ಬೀಗ ಹಾಕಿದ.

ಆಮೇಲೊಂದು ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಿದ್ದಾಗ ಕಾಡುಹಂದಿ ಬಂತು. ಒಂಟಿ ಹಂದಿ, ಕೋರೆ ಬಂದದ್ದು. ಮಕ್ಕಳು ಚೀರಿಕೊಂಡು ಜಗಲಿ ಹತ್ತಿದರು. ಒಂದನೇ ಸಾಲಿನ ಒಂದು ಮಗು ಅಂಗಳದಲ್ಲೇ ಉಳಿಯಿತು. "ಜಡೆಯ, ಕೋವಿ" ಅಂತ ಹೆಡ್‌ಮೇಷ್ಟ್ರು ಕೂಗಿದರು. ಜಡೆಯ ಬೀರು ತೆಗೆದ, ಕೋವಿ ಹಿಡಿದ, ಈಡು ತರಲು ಮನೆಗೆ ಓಡಿದ.

"ಈಡು ಕೊಡವ್ವ, ಹಂದಿ ಬಂದದೆ."

ದುಂಡಮ್ಮ ಟ್ರಂಕು ತೆಗೆದು ಕೊಟ್ಟಳು. ಜಡೆಯ ಒಂದು ಕೈಯಲ್ಲಿ ಕೋವಿ, ಇನ್ನೊಂದು ಕೈಯಲ್ಲಿ ಈಡು ಹಿಡಿದು ನಿಂತ. ಎರಡನ್ನೂ ನೋಡಿದ. ಹೆಡ್‌ಮೇಷ್ಟ್ರ ಮಾತು ನೆನಪಾಯಿತು. ಕೋವಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಈಡು ಹಿಡಿದು ಶಾಲೆಗೆ ಓಡಿದ.

ಅಷ್ಟರಲ್ಲಿ ಚಿಕ್ಕತಾಯಮ್ಮ ಸೌಟಿನಿಂದ ತಟ್ಟೆ ಬಡಿದು ಬಡಿದು ಹಂದಿಯನ್ನು ಬೇಲಿಯಾಚೆಗೆ ಅಟ್ಟಿದ್ದಳು. ಮಗು ಅವಳ ಕಂಕುಳಲ್ಲಿತ್ತು. ಜಡೆಯ ಏದುಸಿರು ಬಿಡುತ್ತಾ ಬಂದು ಬರೀ ಈಡು ಚಾಚಿ, "ಬೇಗ ಬಂದೆ ಸಾ" ಅಂದ.

ಆ ದಿನ ಹೆಡ್‌ಮೇಷ್ಟ್ರು ಬೈಯದೆ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ದುಂಡಮ್ಮ ಮಾತ್ರ ಸಂಜೆ ಒಲೆ ಮುಂದೆ ಅತ್ತಳು. "ಆ ಮಗೀಗೆ ಏನಾರ ಆಗಿದ್ರೆ ನಾನು ಆ ತಾಯಿಗೆ ಮಖ ಹೆಂಗ್ಲಾ ತೋರಿಸ್ಲಿ?" ಅವ್ವ ಅತ್ತದ್ದು ಕಂಡು ಜಡೆಯನೂ ಅತ್ತ. ಯಾಕೆ ಅಂತ ಅವನಿಗೆ ಪೂರ್ತಿ ತಿಳಿದಿರಲಿಲ್ಲ. ಆದರೂ ಮನಸಾರೆ ಅತ್ತ, ಉಣ್ಣದೆ ಮಲಗಿದ. ಮಾರನೇ ದಿನ ಕೋವಿ ಮತ್ತೆ ಶಾಲೆಯ ಬೀರುವಿಗೆ, ಈಡು ಮತ್ತೆ ಮನೆಯ ಟ್ರಂಕಿಗೆ ಹೋಯಿತು.

ಅಷ್ಟರಲ್ಲಿ ಎಲೆಕ್ಷನ್ ಬಂತು. ಆಗ ಊರಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಠಾಣೆಯ ದಫೇದಾರರು ಶಾಲೆಗೇ ಬಂದರು. ಹೆಡ್‌ಮೇಷ್ಟ್ರು ಅವರನ್ನು ಪಕ್ಕಕ್ಕೆ ಕರೆದು, "ಇವನಿಗೆ ತೋಟಾ ಗೀಟಾ ಅನ್ನಬೇಡಿ ಸ್ವಾಮಿ, ಬಿಡಿಸಿ ಹೇಳಿ" ಅಂದರು. ದಫೇದಾರರು ಬಿಡಿಸಿಯೇ ಹೇಳಿದರು:

"ನೋಡಪ್ಪ ಜಡೆಯ, ಈ ಶಾಲೇಲಿ ಹೊಡೆಯೋದು ಏನಿದೆ, ಅದನ್ನ ಅದರ ಸಾಮಾನು ಸಮೇತ ನಾಳೆ ಠಾಣೆಗೆ ತಂದು ಒಪ್ಪಿಸಬೇಕು. ರಸೀದಿ ಕೊಡ್ತೀನಿ. ಎಲೆಕ್ಷನ್ ಮುಗಿದ ಮೇಲೆ ವಾಪಸ್ ತಗೊಂಡು ಹೋಗು."

"ಹಂಗೇ ಮಾಡ್ತೀನಿ ಸಾ."

ಮಾರನೇ ದಿನ ಬೆಳಿಗ್ಗೆ ಜಡೆಯ ಲೆಕ್ಕದ ಮೇಷ್ಟ್ರು ಪರಶಿವಯ್ಯನವರ ಮನೆ ಮುಂದೆ ಸೈಕಲ್ ನಿಲ್ಲಿಸಿದ. ಮಗ್ಗಿ ತಪ್ಪಿದರೆ ಅವರು ಅಂಗೈ ಊದಿಸುವವರು. ಜಡೆಯನೂ ಅವರ ಹತ್ತಿರ ಓದಿದವನೇ.

"ಠಾಣೆಗೆ ಕರ್ಕೊಂಡು ಬಾ ಅಂದವ್ರೆ ಸಾ. ಬೆತ್ತನೂ ತರ್ಬೇಕಂತೆ."

ಎಲೆಕ್ಷನ್ ಡ್ಯೂಟಿ, ಜನಜಂಗುಳಿ ನಿಭಾಯಿಸಲು ಬೆತ್ತ ಇರಬಹುದು ಅಂದುಕೊಂಡರು ಮೇಷ್ಟ್ರು. ಇಸ್ತ್ರಿ ಅಂಗಿ ತೊಟ್ಟು, ಬೆತ್ತ ಹಿಡಿದು ಕ್ಯಾರಿಯರ್ ಮೇಲೆ ಕೂತರು.

ಠಾಣೆಯಲ್ಲಿ ಜಡೆಯ ಅವರನ್ನು ಬೆಂಚಿನ ಮೇಲೆ ಕೂರಿಸಿದ. ಬೆತ್ತವನ್ನು ಅವರ ತೊಡೆಯ ಮೇಲೆ ನೆಟ್ಟಗಿಟ್ಟ. ದಫೇದಾರರಿಗೆ ಕೈಮುಗಿದು ಹೇಳಿದ:

"ಹೊಡೆಯೋದು ತಂದಿವ್ನಿ ಸಾ. ಸಾಮಾನು ಸಮೇತ. ರಸೀದಿ ಕೊಡಿ."

ಮೇಷ್ಟ್ರ ಮುಖ ಕೆಂಪೇರಿತು. ದಫೇದಾರರು ಪೆನ್ನು ಕೆಳಗಿಟ್ಟರು. "ಲೋ, ಕೋವಿ ಎಲ್ಲೋ?"

"ಅದು ಶಾಲೇಲೇ ಅದೆ ಸಾ" ಅಂದ ಜಡೆಯ. "ಪಾಪದ್ದು, ಇಲ್ಲೀಗಂಟ ಯಾರ್ಗೂ ಹೊಡ್ದಿಲ್ಲ."

ಮೇಷ್ಟ್ರು ಬೆಂಚಿನ ಮೇಲೆ, ಕೋವಿ ಬೀರುವಿನ ಒಳಗೆ, ಜಡೆಯ ರಸೀದಿಗೆ ಕೈಯೊಡ್ಡಿ. ಅವರನ್ನು ಅಲ್ಲೇ ಬಿಟ್ಟು, ಕತೆ ಹೇಳುವ ನಾನು ಎದ್ದು ಬಂದದ್ದು ಆಗಲೇ.